ಕರೆಂಟು ಬಂದರೆ ಹೆದರುವ ರೈಟರ್: ಹಳೇ ಸರ್ವರ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವ್ಯಕ್ತಿಯ ಮತ್ತು ತೋಟದ ವಿವರ ಬದಲಿಸಲಾಗಿದೆ.)

ಸಲಹೆಗೆ ಬಂದವರು ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಆಫೀಸಿನಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವ ಗುಮಾಸ್ತರು. ವಯಸ್ಸು ನಲವತ್ತರ ಆಸುಪಾಸು. ಇಲ್ಲಿ ‘ಕ’ ಎನ್ನೋಣ. ಮಳೆಗಾಲ ಹಿಡಿದಾಗಿನಿಂದ ನಿದ್ದೆ ಇಲ್ಲ. ರಾತ್ರಿ ಕರೆಂಟು ಹೋದರೆ ಎಚ್ಚರವಾಗುತ್ತದೆ, ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯವರು ಬಿಪಿ ಇರಬಹುದೆಂದು ತೋರಿಸಿದ್ದಾರೆ, ಬಿಪಿ ಸರಿಯಾಗಿದೆ. ಕರೆಂಟು ಹೋದರೆ ಹೆದರುವವರು ಬಹಳ ಮಂದಿ ಇದ್ದಾರೆ. ಬಂದರೆ ಹೆದರುವವರು ಅಪರೂಪ. ಹಾಗಾಗಿ ಬಂದಾಗ ಏನು ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ವಿಷಯ ಹೊರಬಿತ್ತು.

ಆಫೀಸಿನಲ್ಲಿ ವಿಂಡೋಸ್ ಸರ್ವರ್ 2008 ಆರ್2 ಓಡುವ ಹಳೇ ಸರ್ವರ್ (ಉಳಿದ ಕಂಪ್ಯೂಟರ್‌ಗಳಿಗೆ ಫೈಲ್ ಒದಗಿಸುವ ಮುಖ್ಯ ಕಂಪ್ಯೂಟರ್) ಇದೆ. ಚೆಕ್‌ರೋಲ್ (ಕೆಲಸದವರ ಹಾಜರಿ, ಸಂಬಳದ ಪಟ್ಟಿ), ಕಾಫಿ ಮತ್ತು ಕರಿಮೆಣಸಿನ ಸ್ಟಾಕ್, ಗೊಬ್ಬರದ ಲೆಕ್ಕ ಎಲ್ಲ ಅದರಲ್ಲೇ. ಹೂಮಳೆಯ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆಯ) ಸಿಡಿಲಿಗೆ ಅದರ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) ಸುಟ್ಟಿತ್ತು. ಸರ್ವೀಸ್‌ಗೆ ಬಂದ ಹುಡುಗ ಹೊಸ ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡ್ ಹಾಕಿದ. ಕಾರ್ಡನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್, ಅಂದರೆ ಡ್ರೈವರ್ ಕೂತಿತು, ಆದರೆ ಓಡಲಿಲ್ಲ. “ಅಣ್ಣಾ, ಪ್ರತಿಸಲ ಆನ್ ಆಗುವಾಗ ಎಫ್8 ಒತ್ತಿ, ಡ್ರೈವರ್ ಸಿಗ್ನೇಚರ್ ಡಿಸೇಬಲ್ ಅಂತ ಇರೋದನ್ನ ಆರಿಸಿ, ಆಮೇಲೆ ತೊಂದರೆ ಇಲ್ಲ” ಎಂದು ಹೇಳಿ ಹೋದ.

ಡ್ರೈವರ್‌ನ ಡಿಜಿಟಲ್ ಸಹಿ (ನಂಬಬಹುದಾದ ಮೂಲದ್ದು ಎಂಬ ಗುರುತು) ನೋಡದೆ ಒಳಗೆ ಬಿಡುವ ಆ ಆಯ್ಕೆಯ ಆಯುಷ್ಯ ಒಂದೇ ಬೂಟ್, ಅಂದರೆ ಒಂದು ಸಲ ಆನ್ ಆಗುವಷ್ಟೇ. ಕರೆಂಟು ಹೋಗಿ ಯುಪಿಎಸ್ ಬರಿದಾಗಿ ಸರ್ವರ್ ತಾನಾಗಿ ಮತ್ತೆ ಎದ್ದರೆ ಕಾರ್ಡ್ ಸತ್ತಂತೆಯೇ. ನೆಟ್‌ವರ್ಕ್ ಇಲ್ಲದ್ದರಿಂದ ಮನೆಯಿಂದ ರಿಮೋಟ್ ಹಿಡಿಯುವುದೂ ಆಗದು. ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಹಾಜರಿ ಹಾಕಲು ಬರುವಷ್ಟರಲ್ಲಿ ಸಿಸ್ಟಮ್ ತೆರೆಯದಿದ್ದರೆ ಸಾಹುಕಾರ್ರ ಫೋನು. ಅದಕ್ಕೇ ಕ ರಾತ್ರಿಯೇ ಟಾರ್ಚ್ ಹಿಡಿದು ತೋಟದೊಳಗೆ ನಡೆದುಹೋಗಿ ಎಫ್8 ಒತ್ತಿ ಬರುತ್ತಿದ್ದರು. ಆನೆ ತಿರುಗುವ ತೋಟ ಅದು.

ಇದು ಮನಸ್ಸಿನ ಕಾಯಿಲೆ ಎನ್ನಲು ನಾನು ಒಪ್ಪಲಿಲ್ಲ. ಆನೆ ಓಡಾಡುವ ಕಡೆ ನಡುರಾತ್ರಿ ಒಬ್ಬರೇ ನಡೆಯುವವರಿಗೆ ಹೆದರಿಕೆ ಆಗದಿದ್ದರೆ ಅದನ್ನು ವಿಚಾರಿಸಬೇಕು. ಮೊದಲ ಸಲಹೆ ಅಲ್ಲಿಗೇ: ಇವತ್ತಿನಿಂದ ರಾತ್ರಿ ಹೋಗುವುದು ಬಂದ್. ಸರಿಯಾಗುವ ತನಕ ಬೆಳಗಿನ ಹಾಜರಿ ಕಾಗದದ ಚೆಕ್‌ರೋಲ್‌ನಲ್ಲಿ ಬರೆಯುವುದು, ಹತ್ತು ಗಂಟೆಯ ನಂತರ ಸಿಸ್ಟಮ್‌ಗೆ ಏರಿಸುವುದು. ಇದನ್ನು ಸಾಹುಕಾರ್ರಿಗೆ ಮೊದಲೇ ಹೇಳಿ ಒಪ್ಪಿಸುವುದು. “ಸರ್ವರ್ ಹಾಳಾಗಿದೆ” ಎಂದರೆ ಬೈಗುಳ ಬರುತ್ತದೆ. “ಡ್ರೈವರ್‌ನ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ, ಎರಡು ಅಪ್‌ಡೇಟ್ ಹಾಕಬೇಕು, ಒಂದು ಭಾನುವಾರ ಸಾಕು” ಎಂದರೆ ಮಾತು ಮುಂದೆ ಹೋಗುತ್ತದೆ.

ಇನ್ನು ಯಂತ್ರದ ಮಾತು. ಡಿವೈಸ್ ಮ್ಯಾನೇಜರ್‌ನಲ್ಲಿ (ಯಂತ್ರದ ಬಿಡಿಭಾಗಗಳ ಪಟ್ಟಿ ತೋರಿಸುವ ವಿಂಡೋಸ್ ಕಿಟಕಿ) ಹಳದಿ ಗುರುತು ಕಂಡ ಕೂಡಲೇ ಇಂಟರ್ನೆಟ್‌ನಲ್ಲಿ ಕಾರ್ಡಿನ ಬ್ರ್ಯಾಂಡ್ ಹುಡುಕುವುದು ಎಲ್ಲರ ಚಾಳಿ. ಡಬ್ಬಿಯ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಚಿಪ್ ಯಾವುದು ಎಂಬುದು ಮುಖ್ಯ. ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ತೆರೆದರೆ ‘ವೆನ್’ (ತಯಾರಕರ) ಮತ್ತು ‘ಡೆವ್’ (ಚಿಪ್‌ನ) ಸಂಖ್ಯೆ ಸಿಗುತ್ತವೆ. 10ಇಸಿ ಮತ್ತು 8168 ಇದ್ದರೆ ರಿಯಲ್‌ಟೆಕ್, 8086 ಮತ್ತು 10ಡಿ3 ಇದ್ದರೆ ಇಂಟೆಲ್‌ನ 82574ಎಲ್. ಜನರಲ್ ಟ್ಯಾಬ್‌ನ ಕೋಡ್ ಸಹ ಬರೆದುಕೊಳ್ಳಬೇಕು. 28 ಇದ್ದರೆ ಡ್ರೈವರ್ ಹಾಕಿಯೇ ಇಲ್ಲ. 10 ಇದ್ದರೆ ಡ್ರೈವರ್ ಇದೆ, ಕಾರ್ಡ್ ಏಳುತ್ತಿಲ್ಲ. 52 ಇದ್ದರೆ ಸಹಿಯ ತಕರಾರು. ಕ ಅವರು ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಫೋಟೋದಲ್ಲಿ ಇದ್ದದ್ದು 52.

ಕಾರಣ ಸರಳ. ಈಚಿನ ಡ್ರೈವರ್‌ಗಳಿಗೆ ಎಸ್‌ಎಚ್‌ಎ-2 ಎಂಬ ಹೊಸ ವಿಧಾನದ ಸಹಿ ಇರುತ್ತದೆ. ಅಪ್‌ಡೇಟ್ ಕಾಣದ 2008 ಆರ್2ಗೆ ಹಳೆಯ ಎಸ್‌ಎಚ್‌ಎ-1 ಮಾತ್ರ ಓದಲು ಬರುತ್ತದೆ, 64 ಬಿಟ್ ಆದ್ದರಿಂದ ಸಹಿ ಗೊತ್ತಾಗದ ಡ್ರೈವರ್ ಅನ್ನು ಒಳಗೆ ಬಿಡುವುದೂ ಇಲ್ಲ. ಸಹಿಯ ತಪಾಸಣೆಯನ್ನು ಕಾಯಂ ಸಡಿಲಿಸುವ ಟೆಸ್ಟ್ ಮೋಡ್ ಹಾಕಿಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಸಂಬಳದ ಲೆಕ್ಕ ಇರುವ ಯಂತ್ರಕ್ಕೆ ಅದು ಬಾಗಿಲು ತೆರೆದಿಟ್ಟ ಹಾಗೆ, ಬೇಡ.

ಕ ಅವರಿಗೆ ಬರೆದುಕೊಟ್ಟ ಕ್ರಮ ಇದು. ಮೊದಲು ಡೇಟಾ ಫೋಲ್ಡರ್ ಎರಡು ಬೇರೆ ಡಿಸ್ಕ್‌ಗೆ ಕಾಪಿ ಆಗಬೇಕು, ಒಂದು ಡಿಸ್ಕ್ ಆಫೀಸಿನ ಹೊರಗೆ ಇರಲಿ. ರನ್‌ನಲ್ಲಿ ವಿನ್‌ವರ್ ಎಂದು ಟೈಪ್ ಮಾಡಿ ವಿಂಡೋಸ್‌ನ ಬಿಲ್ಡ್ ಸಂಖ್ಯೆ ನೋಡಬೇಕು. 7601 ಇದ್ದರೆ ಸರ್ವೀಸ್ ಪ್ಯಾಕ್ 1 ಇದೆ, 7600 ಇದ್ದರೆ ಅದನ್ನು ಮೊದಲು ಹಾಕಬೇಕು. ನಂತರ ಬೇರೆ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಎರಡು ಫೈಲ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬೇಕು: ಮೊದಲು ಕೆಬಿ 4490628, ಆಮೇಲೆ ಕೆಬಿ 4474419. ಕ್ರಮ ತಪ್ಪಬಾರದು. ಇನ್‌ಸ್ಟಾಲ್ ಮಾಡುವಾಗ 80070422 ಎಂದು ಬಂದರೆ ಗಾಬರಿ ಬೇಡ, ಯಾರೋ ವಿಂಡೋಸ್ ಅಪ್‌ಡೇಟ್ ಸರ್ವೀಸ್ ಅನ್ನು ಡಿಸೇಬಲ್ ಮಾಡಿಟ್ಟಿದ್ದಾರೆ ಎಂದರ್ಥ. ಸರ್ವೀಸಸ್‌ನಲ್ಲಿ ಅದನ್ನು ಮ್ಯಾನ್ಯುಯಲ್‌ಗೆ ತಂದರೆ ಮುಂದುವರಿಯುತ್ತದೆ. ಮುಗಿದ ಮೇಲೆ ರೀಬೂಟ್, ಈ ಸಲ ಎಫ್8 ಮುಟ್ಟದೆ. ಬಹಳ ಕಡೆ ಇಷ್ಟಕ್ಕೇ ಹಳದಿ ಗುರುತು ಹೋಗುತ್ತದೆ.

ಹೋಗದಿದ್ದರೆ ಡಿವೈಸ್ ಅನ್‌ಇನ್‌ಸ್ಟಾಲ್ ಮಾಡುವಾಗ ‘ಡಿಲೀಟ್ ದಿ ಡ್ರೈವರ್ ಸಾಫ್ಟ್‌ವೇರ್’ ಎಂಬಲ್ಲಿ ಟಿಕ್ ಹಾಕಿ ತೆಗೆದು, ಹೊಸದಾಗಿ ಹಾಕಬೇಕು. ಹಾಕುವ ಮೊದಲು ಡ್ರೈವರ್ ಯಾವ ಚಿಪ್‌ಗೆ, ಯಾವ ವಿಂಡೋಸ್‌ಗೆ ಎಂಬ ವಿವರ ಇರುವ ಐಎನ್‌ಎಫ್ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಎರಡು ಸಂಗತಿ ನೋಡಿ. ನಿಮ್ಮ ಡೆವ್ ಸಂಖ್ಯೆ ಅದರಲ್ಲಿ ಇದೆಯೇ? ಅದು ‘ಎನ್‌ಟಿಎಎಂಡಿ64.6.1’ ಎಂಬ ಭಾಗದಲ್ಲಿ ಬರುತ್ತದೆಯೇ? 6.1 ಎಂದರೆ ವಿಂಡೋಸ್ 7 ಮತ್ತು 2008 ಆರ್2. ಕೊನೆಗೆ ಇನ್ನೊಂದು ‘.1’ ಸೇರಿದ್ದರೆ ಡೆಸ್ಕ್‌ಟಾಪ್‌ಗೆ ಮಾತ್ರ, ಸರ್ವರ್‌ಗೆ ಕೂರುವುದಿಲ್ಲ. ಫೈಲ್ ತಿದ್ದಿ ಕೂರಿಸುತ್ತೇನೆ ಎಂದು ಹೊರಟರೆ ಸಹಿ ಮುರಿದು ಮತ್ತೆ ಮೊದಲಿನ ತಕರಾರಿಗೇ ಬರುತ್ತೀರಿ. ಅಂಥ ಸಂದರ್ಭದಲ್ಲಿ ಕಾರ್ಡ್ ಬದಲಿಸುವುದೇ ಅಗ್ಗ.

ಸುಟ್ಟ ಆನ್‌ಬೋರ್ಡ್ ಲ್ಯಾನ್ ಅನ್ನು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್) ಡಿಸೇಬಲ್ ಮಾಡಬೇಕು. ಇಲ್ಲೊಂದು ಕೊಕ್ಕೆ: ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ದೀರ್ಘ ಪವರ್‌ಕಟ್ ನಂತರ ಬಯಾಸ್ ಸೆಟ್ಟಿಂಗ್ ಮರೆತು ಪೋರ್ಟ್ ಮತ್ತೆ ಎದ್ದು ಕೂರುತ್ತದೆ. ಕರೆಂಟು ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಸೆಲ್ ಬದಲಿಸಿ. ಪೆಟ್ಟಿಗೆ ತೆರೆದಾಗಲೇ ಕಾರ್ಡಿನ ಹೊಂಬಣ್ಣದ ಹಲ್ಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಜುಲೈ ತಿಂಗಳಲ್ಲಿ ಬೀರುವಿನ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಿದು.

ಹೊಸ ಕಾರ್ಡಿಗೆ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಡುವಾಗ ‘ಈ ವಿಳಾಸ ಈಗಿಲ್ಲದ ಅಡಾಪ್ಟರ್‌ಗೆ ಕೊಟ್ಟಾಗಿದೆ’ ಎಂಬ ಸಂದೇಶ ಬರುತ್ತದೆ. ಯೆಸ್ ಒತ್ತಿ, ಹಳೆಯದರಿಂದ ಆ ವಿಳಾಸ ತೆಗೆಯಲು ಬಿಡಿ. ಕ ನೋ ಒತ್ತಿದ್ದರಿಂದ ಆ ವಿಳಾಸ ಹಳೇ ಅಡಾಪ್ಟರ್‌ನ ಭೂತದ ಬಳಿಯೇ ಉಳಿದಿತ್ತು. ಆ ಭೂತವನ್ನು ಕಾಣಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟ್ ಕಮಾಂಡ್ ಕೊಟ್ಟು ‘ಡೆವ್‌ಎಂಜಿಆರ್ ಶೋ ನಾನ್‌ಪ್ರೆಸೆಂಟ್ ಡಿವೈಸಸ್’ ಬೆಲೆಯನ್ನು 1 ಮಾಡಿ (ಪದಗಳ ನಡುವೆ ಅಂಡರ್‌ಸ್ಕೋರ್), ಅದೇ ಕಿಟಕಿಯಿಂದ ಡಿವೈಸ್ ಮ್ಯಾನೇಜರ್ ತೆರೆದು ‘ಶೋ ಹಿಡನ್ ಡಿವೈಸಸ್’ ಒತ್ತಬೇಕು. ಬಿಳಚಿಕೊಂಡು ಕಾಣುವ ಹಳೇ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಬೇಕು.

ಇಷ್ಟಾದರೂ ಬೇರೆ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಕಾಣದಿದ್ದರೆ ಡ್ರೈವರ್‌ಗೆ ಬೈಯಬೇಡಿ. ಈ ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ, ಆದ್ದರಿಂದ ಇಂಟರ್ನೆಟ್‌ಗೆ ಬಿಡದಂತೆ ಗೇಟ್‌ವೇ (ಹೊರಜಾಲಕ್ಕೆ ದಾರಿ ಕೊಡುವ ವಿಳಾಸ) ಖಾಲಿ ಇಡಲು ಹೇಳಿದ್ದೆ. ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ ‘ಅನ್‌ಐಡೆಂಟಿಫೈಡ್’ ಎಂದು ಹೊರಗಿನವರನ್ನು ತಡೆಯುವ ಬಿಗಿಯಾದ ಪಬ್ಲಿಕ್ ಫೈರ್‌ವಾಲ್ ಹಿಂದೆ ಹಾಕುತ್ತದೆ. ಲೋಕಲ್ ಸೆಕ್ಯುರಿಟಿ ಪಾಲಿಸಿಯ ‘ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್’ ಭಾಗದಲ್ಲಿ ಅನ್‌ಐಡೆಂಟಿಫೈಡ್ ಜಾಲಗಳನ್ನು ಪ್ರೈವೇಟ್ ಎಂದು ಗುರುತಿಸಿದರೆ ಸರಿಯಾಗುತ್ತದೆ. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಅಗತ್ಯ ಇಲ್ಲ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಕಾರ್ಡ್ ಆಫ್ ಮಾಡುವ ಟಿಕ್ ತೆಗೆಯಿರಿ. ಸ್ಪೀಡ್ ಕಾರ್ಡ್, ಸ್ವಿಚ್ ಎರಡೂ ಕಡೆ ಆಟೋದಲ್ಲೇ ಇರಲಿ. ಒಂದು ಕಡೆ 100 ಫುಲ್ ಎಂದು ಬಿಗಿದರೆ ಇನ್ನೊಂದು ಕಡೆ ಹಾಫ್ ಡ್ಯುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕಿನ ಸಂಚಾರ) ಇಳಿದು ಎಲ್ಲ ತೆವಳತೊಡಗುತ್ತದೆ.

ಕೊನೆಗೆ ಪರೀಕ್ಷೆ. ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಆನ್ ಮಾಡಬೇಕು. ಕೀಬೋರ್ಡ್ ಮುಟ್ಟಬಾರದು. ಪಕ್ಕದ ಕಂಪ್ಯೂಟರ್‌ನಿಂದ ಚೆಕ್‌ರೋಲ್ ತೆರೆಯಬೇಕು. ಇದನ್ನು ಸಾಹುಕಾರ್ರ ಎದುರಿಗೇ ಮಾಡಿ ಎಂದಿದ್ದೆ. ಕ ಹಾಗೆಯೇ ಮಾಡಿದರು, ಸರ್ವರ್ ಎದ್ದಿತು, ಲೆಕ್ಕದ ಸಾಫ್ಟ್‌ವೇರ್ ಮಾತ್ರ ಲೈಸೆನ್ಸ್ ಇಲ್ಲ ಎಂದಿತು. ಕೆಲವು ಸಾಫ್ಟ್‌ವೇರ್‌ಗಳು ಲೈಸೆನ್ಸನ್ನು ಲ್ಯಾನ್ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಕಾರ್ಡಿಗೂ ಇರುವ ಅದರದೇ ಸಂಖ್ಯೆ) ಕಟ್ಟಿರುತ್ತವೆ, ಹುಡುಗ ಆ ತನಕ ಸುಟ್ಟ ಪೋರ್ಟ್ ಅನ್ನು ಎನೇಬಲ್ ಬಿಟ್ಟಿದ್ದರಿಂದ ಗೊತ್ತಾಗಿರಲಿಲ್ಲ. ಹೊಸ ಮ್ಯಾಕ್ ವಿಳಾಸ, ಬಿಲ್ಲಿನ ಪ್ರತಿ ಕಳಿಸಿ ಮರು ಲೈಸೆನ್ಸ್ ಕೇಳಲು ತಿಳಿಸಲಾಯಿತು.

ಎರಡನೇ ಭೇಟಿಗೆ ಬಂದಾಗ ಕ ನಿದ್ದೆಯ ಮಾತು ತಾವಾಗಿ ಎತ್ತಲಿಲ್ಲ. ಕೇಳಿದ್ದಕ್ಕೆ, ಕರೆಂಟು ಬಂದಾಗ ಈಗಲೂ ಎಚ್ಚರವಾಗುತ್ತದೆ, ಹೊರಳಿ ಮಲಗುತ್ತೇನೆ ಎಂದರು. ಅವರ ಪ್ರಶ್ನೆ ಬೇರೆ ಇತ್ತು: ಪಲ್ಪರ್ ಮನೆಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಟ್ಟಡ) ಬಯಲಲ್ಲಿ ಎಳೆದಿರುವ ತಾಮ್ರದ ಲ್ಯಾನ್ ಕೇಬಲ್. ಮುಂದಿನ ಹೂಮಳೆಯ ಸಿಡಿಲಿಗೆ ಅದೇ ದಾರಿ. ಎರಡು ಕಟ್ಟಡಗಳ ನಡುವೆ ವಿದ್ಯುತ್ ಹರಿಯದ ಫೈಬರ್, ಎರಡು ತುದಿಗೆ ಬೆಳಕನ್ನು ಲ್ಯಾನ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್, ಕೊಯ್ಲು ಶುರುವಾಗುವ ಮೊದಲೇ ಹಾಕಿಸಲು ಅಂದಾಜು ಪಟ್ಟಿ ಮಾಡಿಕೊಡಲಾಗಿದೆ.