ಇಲಿ ಕಡಿದ ಹಳೆಯ ಪಿಕಪ್‌ನ ವೈರಿಂಗ್: ಪೂರ್ತಿ ಸೆಟ್ ಬದಲಿಸಬೇಕೆ, ಕಡಿದಷ್ಟನ್ನು ಸರಿಪಡಿಸಿದರೆ ಸಾಕೆ?

ಮೂಡಿಗೆರೆ ಕಡೆಯ ನಿಮ್ಮ 2006ರ ಡೀಸೆಲ್ ಪಿಕಪ್ ಮಳೆಗಾಲದಲ್ಲಿ ಎರಡು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು, ಬಾನೆಟ್ ಕೆಳಗೆ ಇಲಿ ಗೂಡು ಕಟ್ಟಿ ವೈರುಗಳನ್ನು ಕಡಿದಿದೆ, ಹೆಡ್‌ಲೈಟ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ, ಬಲಗಡೆಯ ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕುತ್ತದೆ ಎಂದು ಬರೆದಿದ್ದೀರಿ. ಒಬ್ಬ ಎಲೆಕ್ಟ್ರಿಷಿಯನ್ ಪೂರ್ತಿ ವೈರಿಂಗ್ ಸೆಟ್ಟನ್ನೇ ಬದಲಿಸಬೇಕೆನ್ನುತ್ತಾರೆ, ಇನ್ನೊಬ್ಬರು ಜೋಡಿಸಿ ಟೇಪು ಸುತ್ತಿದರೆ ಸಾಕೆನ್ನುತ್ತಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ. ನನ್ನನ್ನು ಕೇಳಿದರೆ ಎರಡೂ ಬೇಡ. ಎಂಜಿನ್ ಭಾಗದಲ್ಲಿ ಇಲಿ ಕಡಿದಿರುವ ವೈರಿಂಗಿನ ಕವಲನ್ನು ಮಾತ್ರ ಒಂದು ಕನೆಕ್ಟರಿನಿಂದ ಮುಂದಿನ ಕನೆಕ್ಟರಿನವರೆಗೆ ಹೊಸ ವೈರಿನಲ್ಲಿ ಕಟ್ಟಿಸಿ, ಡ್ಯಾಶ್‌ಬೋರ್ಡ್ ಒಳಗಿನದನ್ನು ಹಾಗೆಯೇ ಬಿಡಿ. ಆದರೆ ಅದಕ್ಕೂ ಮೊದಲು ಅರ್ತಿಂಗ್, ಎಂದರೆ ಕರೆಂಟು ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಗಳನ್ನು, ನೋಡಿಸಬೇಕು, ಏಕೆಂದರೆ ನೀವು ಹೇಳಿರುವ ಎರಡನೆಯ ತೊಂದರೆ ಬಹುಮಟ್ಟಿಗೆ ಇಲಿಯ ಕೆಲಸವಲ್ಲ.

ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ, ವೃತ್ತಿಯಿಂದ ಎಲೆಕ್ಟ್ರಿಷಿಯನ್ ಅಲ್ಲ. 2003ರ ನನ್ನ ಪಿಕಪ್‌ನ ವೈರಿಂಗನ್ನು ಎರಡು ಸಲ ಬಿಚ್ಚಿ ಕಟ್ಟಿದ್ದೇನೆ. ಮೊದಲನೆಯ ಸಲ ಅದು ನನ್ನ ತಪ್ಪಿನಿಂದಲೇ ಬಂದ ಕೆಲಸ. ನಿಮ್ಮಂತೆಯೇ ಹೆಡ್‌ಲೈಟಿನ 15 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಕತ್ತಲಾಗುವ ಮೊದಲು ಊರು ಸೇರಬೇಕೆಂಬ ಅವಸರದಲ್ಲಿ ಆ ನೀಲಿ ಫ್ಯೂಸಿನ ಜಾಗಕ್ಕೆ 30 ಆಂಪಿಯರಿನ ಹಸಿರು ಫ್ಯೂಸ್ ತುರುಕಿ, ಅಡಿಕೆ ಸಸಿ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿದೆ. ಫ್ಯೂಸ್ ಹೋಗಲಿಲ್ಲ, ಸ್ಟೇರಿಂಗ್ ಕೆಳಗಿನಿಂದ ಹೊಗೆ ಬಂತು. ಬ್ಯಾಟರಿ ಟರ್ಮಿನಲ್ ಬಿಚ್ಚಲು ಬೇಕಾದ ಸ್ಪ್ಯಾನರ್ ಸೀಟಿನ ಕೆಳಗಿತ್ತು, ಸೀಟಿನ ಮೇಲೆ ಎರಡು ಮೂಟೆ ಗೊಬ್ಬರವಿತ್ತು. ಆ ಮೂಟೆಗಳನ್ನು ರಸ್ತೆಗೆ ಎಳೆದುಹಾಕುವಷ್ಟರಲ್ಲಿ ಒಂದು ವೈರಿನ ಪ್ಲಾಸ್ಟಿಕ್ಕು ಪಕ್ಕದ ಆರು ವೈರುಗಳಿಗೆ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. 55 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. 15ರ ಫ್ಯೂಸ್ ಹೋಗುತ್ತಿದೆ ಎಂದರೆ ಕರೆಂಟು ಬಲ್ಬಿಗೆ ಹೋಗದೆ ದಾರಿಯಲ್ಲೇ ಎಲ್ಲೋ ಗಾಡಿಯ ಬಾಡಿಗೆ (ಲೋಹದ ಮೈಗೆ) ಇಳಿಯುತ್ತಿದೆ ಎಂದೇ ಅರ್ಥ.

ಎಲ್ಲಿ ಇಳಿಯುತ್ತಿದೆ ಎಂದು ಕಂಡುಹಿಡಿಯಲು ಒಂದರ ಹಿಂದೊಂದು ಫ್ಯೂಸ್ ಸುಡುವ ಅಗತ್ಯವಿಲ್ಲ. 21 ವಾಟಿನ ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿ, ಅವುಗಳ ತುದಿಯನ್ನು ಫ್ಯೂಸ್ ಕೂರುವ ಎರಡು ಸೀಳುಗಳಿಗೆ ಸೇರಿಸಿ. ಎರಡೂ ಹೆಡ್‌ಲೈಟುಗಳ ಹಿಂದಿನ ಹೋಲ್ಡರುಗಳನ್ನು ಮೊದಲೇ ಕಳಚಿಟ್ಟು, ಅನಂತರ ಹೆಡ್‌ಲೈಟ್ ಸ್ವಿಚ್ ಹಾಕಿ. ಹೋಲ್ಡರ್ ಕಳಚದಿದ್ದರೆ ಹೆಡ್‌ಲೈಟಿನ ಮೂಲಕವೇ ಕರೆಂಟು ಹರಿದು ನಿಮ್ಮ ಬಲ್ಬು ಹೇಗೂ ಉರಿಯುತ್ತದೆ, ಪರೀಕ್ಷೆಗೆ ಅರ್ಥವಿರುವುದಿಲ್ಲ. ಹೋಲ್ಡರ್ ಕಳಚಿದ ಮೇಲೂ ಬಲ್ಬು ಪ್ರಖರವಾಗಿ ಉರಿದರೆ ಶಾರ್ಟ್ ಇದೆ. ಆದರೆ ಎಷ್ಟೇ ಶಾರ್ಟ್ ಇದ್ದರೂ ಆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ವೈರು ಸುಡುವ ಭಯವಿಲ್ಲ. ಈಗ ಒಬ್ಬರು ಬಲ್ಬು ನೋಡುತ್ತಿರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ರೇಡಿಯೇಟರ್ ಕಡೆಯಿಂದ ಹಿಂದಕ್ಕೆ ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತ ಬರಲಿ. ಬಲ್ಬು ಆರಿದ ಅಥವಾ ಮಿಣುಕಿದ ಜಾಗದಲ್ಲಿ ಟೇಪು ಬಿಚ್ಚಿ. ನನ್ನ ಗಾಡಿಯಲ್ಲಿ ಅದು ಸಿಕ್ಕಿದ್ದು ಬ್ಯಾಟರಿ ಟ್ರೇ ಹಿಂದೆ, ಒಣಗಿದ ಎಲೆ, ಗೋಣಿ ನಾರು ಮತ್ತು ಕಾಫಿ ಸಿಪ್ಪೆಯಿಂದ ಮಾಡಿದ ಗೂಡಿನ ಅಡಿಯಲ್ಲಿ. ನಾಲ್ಕು ವೈರುಗಳ ಮೈ ಪೆನ್ಸಿಲ್ ಕೆತ್ತಿದಂತೆ ಬೋಳಾಗಿತ್ತು.

ಇಲ್ಲಿಯೇ ಟೇಪು ಸಾಕೆನ್ನುವವರ ಮಾತು ಸೋಲುತ್ತದೆ. ಕಡಿದ ಜಾಗದಿಂದ ಅರ್ಧ ಗೇಣು ಮುಂದೆ, ಹೊರಗಿನಿಂದ ಚೆನ್ನಾಗಿಯೇ ಕಾಣುವ ವೈರನ್ನು ಬ್ಲೇಡಿನಿಂದ ಕೆರೆದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಜೋಡಿಸಬಹುದು. ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ನೀರು ಎಳೆಗಳ ನಡುವೆ ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರಿದೆ ಎಂದು ತಿಳಿಯಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಎರಡು ತಿಂಗಳು ಬಾಯಿ ತೆರೆದುಕೊಂಡಿದ್ದ ವೈರು ಕಪ್ಪಾಗದೆ ಉಳಿದಿರುವುದು ಅಪರೂಪ. ಅಂಥ ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ, ಕ್ರಿಂಪ್ ಮಾಡಿದರೂ (ಲೋಹದ ತುದಿಯೊಳಗಿಟ್ಟು ಒತ್ತಿ ಕೂಡಿಸಿದರೂ) ಜೋಡಣೆ ಬಿಸಿಯಾಗುತ್ತದೆ. ಒಂದೆರಡು ವೈರುಗಳಾಗಿದ್ದು ತಾಮ್ರ ಹೊಳೆಯುತ್ತಿದ್ದರೆ ಜೋಡಿಸಿ. ಅದಕ್ಕಿಂತ ಹೆಚ್ಚಾಗಿದ್ದರೆ ಆ ಕವಲನ್ನೇ ಬದಲಿಸುವುದು ಲೇಸು.

ಇನ್ನು ಅರ್ತಿಂಗ್. ಇಂಡಿಕೇಟರಿನ ಜೊತೆ ಪಾರ್ಕಿಂಗ್ ಲೈಟ್ ಮಿಣುಕುವುದು ಹಿಂದಿನ ಲೈಟಿನ ಅರ್ತ್ ತುಕ್ಕು ಹಿಡಿದಿರುವುದರ ಹಳೆಯ ಗುರುತು: ಬಾಡಿಗೆ ಇಳಿಯಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗಿನಿಂದ ನುಸುಳಿ ಹೋಗುತ್ತದೆ. ಊಹೆಗಿಂತ ಅಳತೆ ಒಳ್ಳೆಯದು. ಸಾಧಾರಣ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಲೈಟುಗಳನ್ನು ಹಾಕಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ಕಡ್ಡಿಯನ್ನು ಲೈಟ್ ಹೋಲ್ಡರಿನ ಅರ್ತ್ ತುದಿಗೂ ಮುಟ್ಟಿಸಿ (ಹಿಂದಿನ ಲೈಟಿಗೆ ಕಡ್ಡಿ ಎಟುಕದು, ಒಂದು ಉದ್ದ ವೈರು ಬೇಕಾಗುತ್ತದೆ). 0.2 ವೋಲ್ಟಿನೊಳಗೆ ತೋರಿಸಿದರೆ ಚಿಂತೆಯಿಲ್ಲ, ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ನನ್ನ ಗಾಡಿಯ ಹಿಂಬದಿಯಲ್ಲಿ 1.4 ತೋರಿಸಿತು, ಬೋಲ್ಟ್ ಬಿಚ್ಚಿ, ಥಿಂಬಲನ್ನೂ (ವೈರಿನ ತುದಿಯ ಲೋಹದ ಬಳೆ) ಅದರ ಅಡಿಯ ತಗಡನ್ನೂ ಉಜ್ಜು ಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿ, ಹೊಸ ಬೋಲ್ಟ್ ಹಾಕಿ ಗ್ರೀಸ್ ಸವರಿದ ಮೇಲೆ 0.1ಕ್ಕೆ ಇಳಿಯಿತು. ಖರ್ಚು ಒಂದು ಬೋಲ್ಟು, ಅರ್ಧ ಗಂಟೆ. ಎಂಜಿನ್ನಿನಿಂದ ಚಾಸಿಸ್‌ಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನೂ ಆಗಲೇ ನೋಡಿಬಿಡಿ. ಅದು ತುಂಡಾಗಿದ್ದರೆ ಸೆಲ್ಫ್ ಹೊಡೆದಾಗಿನ ಭಾರಿ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಂಥ ದಾರಿ ಹಿಡಿದು ಅದನ್ನು ಬಿಸಿ ಮಾಡುತ್ತದೆ. ಕೇಬಲ್ ಏಕೆ ಬಿಗಿಯಾಯಿತೆಂದು ತಿಳಿಯದೆ ಕೇಬಲ್ಲನ್ನೇ ಬದಲಿಸಿದವರಿದ್ದಾರೆ.

ಕವಲನ್ನು ಕಟ್ಟುವ ಕೆಲಸಕ್ಕೆ ಬಂದರೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಹಳೆಯದನ್ನು ಕತ್ತರಿಸುವ ಮೊದಲು ಪ್ರತಿ ಕನೆಕ್ಟರಿನ ಫೋಟೊ ತೆಗೆದುಕೊಳ್ಳಿ. ಮನೆಯ ವೈರಿಂಗಿಗೆ ಬಳಸುವ ವೈರನ್ನು ಎಲೆಕ್ಟ್ರಿಷಿಯನ್ ತಂದರೆ ವಿನಯದಿಂದಲೇ ಬೇಡವೆನ್ನಿ. ಅದರ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿ ಶಾಖಕ್ಕೆಂದು ಮಾಡಿದ್ದು, ಎಂಜಿನ್ ಪಕ್ಕದಲ್ಲಿ ಬೇಗ ಗಡುಸಾಗಿ ಬಿರಿಯುತ್ತದೆ. ಆಟೋ ವೈರನ್ನೇ, ಮೊದಲಿದ್ದ ಬಣ್ಣಗಳಲ್ಲೇ ಕೊಳ್ಳಿ. ಎಲ್ಲಕ್ಕೂ ಕೆಂಪು ವೈರು ಹಾಕಿಸಿದ ಗಾಡಿಯನ್ನು ಮುಂದೆ ಯಾರೂ ಮುಟ್ಟಲು ಒಪ್ಪುವುದಿಲ್ಲ.

ಜೋಡಣೆಗಳನ್ನು ಇಕ್ಕಳದಲ್ಲಿ ಹಿಸುಕದೆ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಬೇಕು, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಬೇಕು. ಬೆಸುಗೆ ಹಾಕಿದ ವೈರು ಬೆಸುಗೆ ಮುಗಿಯುವ ಅಂಚಿನಲ್ಲಿ ಕಡ್ಡಿಯಂತೆ ಗಟ್ಟಿಯಾಗುತ್ತದೆ. ತೋಟದ ರಸ್ತೆಯ ಕುಲುಕಾಟಕ್ಕೆ ಅಲ್ಲಿಯೇ ಮುರಿಯುತ್ತದೆ. ಐದಾರು ಜೋಡಣೆಗಳಿದ್ದರೆ ಎಲ್ಲವೂ ಒಂದೇ ಕಡೆ ಬರದಂತೆ ಎರಡೆರಡು ಅಂಗುಲ ಹಿಂದೆಮುಂದೆ ಮಾಡಿಸಿ; ಕಟ್ಟು ಹಾವು ಕಪ್ಪೆ ನುಂಗಿದಂತೆ ಉಬ್ಬುವುದಿಲ್ಲ, ಒಂದರ ಸ್ಲೀವ್ ಹರಿದರೂ ಪಕ್ಕದ್ದಕ್ಕೆ ತಾಗುವುದಿಲ್ಲ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ತೂತಿನಲ್ಲಿ ಇರಬೇಕಾದ ರಬ್ಬರ್ ಬಳೆ ಹಳೆಯ ಗಾಡಿಗಳಲ್ಲಿ ಬಹುತೇಕ ಉದುರಿಹೋಗಿರುತ್ತದೆ, ಮರೆಯದೆ ಹೊಸದು ಹಾಕಿಸಿ.

ಹೇಗೂ ಬಿಚ್ಚುತ್ತಿರುವುದರಿಂದ ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ) ಇದೆಯೇ ನೋಡಿ, ಇಲ್ಲದಿದ್ದರೆ ಈಗಲೇ ಹಾಕಿಸಿ. ರಿಲೇ ಇಲ್ಲದ ಗಾಡಿಯಲ್ಲಿ ಆ 9 ಆಂಪಿಯರ್ ಅಷ್ಟೂ ಬ್ಯಾಟರಿಯಿಂದ ಸ್ಟೇರಿಂಗ್ ಸ್ವಿಚ್ಚಿಗೆ ಹೋಗಿ ಮತ್ತೆ ಮುಂದಕ್ಕೆ ಬರುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 17 ಮಿಲಿಓಮ್ ಪ್ರತಿರೋಧವಿರುವುದರಿಂದ ಆರು ಮೀಟರಿನ ಆ ಸುತ್ತಾಟದಲ್ಲೇ ಹೆಚ್ಚುಕಡಿಮೆ ಒಂದು ವೋಲ್ಟ್ ನಷ್ಟವಾಗುತ್ತದೆ. ಸವೆದ ಸ್ವಿಚ್ಚಿನ ನಷ್ಟ ಬೇರೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕುಗ್ಗುತ್ತದೆ, ಜುಲೈ ತಿಂಗಳ ಮಂಜಿನಲ್ಲಿ ಚಾರ್ಮಾಡಿ ಇಳಿಯುವವರಿಗೆ ಅದು ಸಣ್ಣ ಲೆಕ್ಕವಲ್ಲ. ರಿಲೇಯ 30ನೇ ತುದಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರಿನ ವೈರು, 87ರಿಂದ ಲೈಟಿಗೆ ಅದೇ ದಪ್ಪದ ವೈರು, 86ಕ್ಕೆ ಸ್ವಿಚ್ಚಿನಿಂದ ಬರುವ ಹಳೆಯ ವೈರು, 85 ಅರ್ತಿಗೆ. ಡಿಮ್‌ಗೆ ಒಂದು, ಬ್ರೈಟಿಗೆ ಒಂದು ರಿಲೇ. ಆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಪೂರ್ತಿ ಸೆಟ್ ಬದಲಿಸುವ ಪ್ರಸಂಗವೂ ಇದೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ, ಶಾಖ ತಾಗದ ಜಾಗದ ಒಂದು ವೈರನ್ನು ಬೆರಳಿಗೆ ಸುತ್ತಿ ನೋಡಿ: ಹೊದಿಕೆ ಬಿರಿಯದಿದ್ದರೆ ಒಳಗಿನ ವೈರಿಂಗಿಗೆ ಇನ್ನೂ ಆಯುಸ್ಸಿದೆ. ಅಲ್ಲಿಯೂ ಬಿರಿಯುತ್ತಿದ್ದರೆ, ಅಥವಾ ನನ್ನ ಗಾಡಿಯಲ್ಲಿ ಆದಂತೆ ಒಳಗೇ ಕರಗಿದ್ದರೆ, ಬದಲಿಸಲೇಬೇಕು. ಆಗ ಹೊಸ ಸೆಟ್ಟನ್ನು ಮಾಡೆಲ್ ಹೆಸರು ಹೇಳಿ ತರಿಸದೆ ಚಾಸಿಸ್ ನಂಬರ್ ಕೊಟ್ಟೇ ತರಿಸಿ. ಒಂದೇ ಮಾಡೆಲ್ಲಿನಲ್ಲಿ ವರ್ಷದಿಂದ ವರ್ಷಕ್ಕೆ ಕನೆಕ್ಟರುಗಳು ಬದಲಾಗಿರುತ್ತವೆ. ಡ್ಯಾಶ್‌ಬೋರ್ಡ್ ಇಳಿಸಿ ಏರಿಸುವ ಕೆಲಸಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ದಿನಾಂಕ ಹತ್ತಿರವಿದ್ದರೆ ಈ ದಿನಗಳನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಇಲಿಗೆ ನಾನು ನುಸಿಗುಳಿಗೆ, ಫಿನೈಲ್ ಎರಡನ್ನೂ ಪ್ರಯೋಗಿಸಿದ್ದೇನೆ. ವಾಸನೆ ಇರುವಷ್ಟು ದಿನ ಮಾತ್ರ ಅವುಗಳ ಬಲ. ಕೆಲಸ ಕೊಟ್ಟದ್ದು ಎರಡೇ: ಗೋಣಿಚೀಲ ಮತ್ತು ಸಿಪ್ಪೆಯ ರಾಶಿಯನ್ನು ಶೆಡ್ಡಿನಿಂದ ಹೊರಗೆ ಹಾಕಿದ್ದು, ಮಳೆಗಾಲದಲ್ಲೂ ಮೂರು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ ನೋಡಿದ್ದು.

ಮೊದಲು ಆ ಬಲ್ಬಿನ ಪರೀಕ್ಷೆ ಮತ್ತು ಹಿಂದಿನ ಲೈಟಿನ ಅರ್ತ್ ಅಳತೆ ಇವೆರಡನ್ನು ಮಾಡಿ, ಬಲ್ಬು ಯಾವ ಜಾಗದಲ್ಲಿ ಆರಿತು, ಮೀಟರ್ ಎಷ್ಟು ತೋರಿಸಿತು ಎಂದು ಇಲ್ಲಿಯೇ ಬರೆಯಿರಿ. ಎಷ್ಟು ಉದ್ದದ ಕವಲು ಕಟ್ಟಬೇಕು, ಎಷ್ಟು ಮೀಟರ್ ವೈರು ತರಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ.