ಹಾಸಿಗೆ ಹಿಡಿದ ಮಾಜಿ ಸೈನಿಕರು: ಆರೈಕೆ ಮಾಡುವ ಮನೆಯವರಿಗೆ ಏನಿದೆ?

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಕರ್ತವ್ಯದಲ್ಲಿದ್ದಾಗಲೇ ಬೆನ್ನುಮೂಳೆಗೆ ಪೆಟ್ಟು ಬಿದ್ದು, ಶೇ 100 ಅಂಗವೈಕಲ್ಯ ಎಂದು ಬರೆದು ಮನೆಗೆ ಕಳಿಸಿದರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅಂಗವೈಕಲ್ಯ ಪಿಂಚಣಿ ಬರುತ್ತಿದೆ. ನೋಡಿಕೊಳ್ಳುವ ಹೆಂಡತಿಗೆ ಬೇರೆ ದುಡ್ಡು ಬರುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರು, ಶಿರಾ ತಾಲ್ಲೂಕು

ಉತ್ತರ: ಅರ್ಧ ನಿಜ. ನಿಮ್ಮ ಹೆಸರಿಗೆ ತಿಂಗಳ ಸಂಬಳದಂತೆ ಬರುವ ಕೇಂದ್ರದ ಯೋಜನೆ ಇಲ್ಲ. ಇರುವುದು ಅವರ ಪಿಂಚಣಿಯ ಜೊತೆ ಸೇರಿ ಬರುವ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋಯನ್ಸ್, ಅಂದರೆ ಸದಾ ಜೊತೆಗಿರುವ ಸಹಾಯಕರಿಗಾಗಿ ಕೊಡುವ ಭತ್ಯೆ. 2017ರ ಜುಲೈ 1ರಿಂದ ಇದು ತಿಂಗಳಿಗೆ ₹6,750 ಆಯಿತು; ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಇದಕ್ಕೆ ಶೇ 25 ಸೇರಬೇಕೆಂಬುದು ನಿಯಮ.

ಶೇ 100 ಅಂಗವೈಕಲ್ಯ ಇದ್ದ ಮಾತ್ರಕ್ಕೆ ಭತ್ಯೆ ತಾನಾಗಿ ಬರುವುದಿಲ್ಲ. ಎಡವಟ್ಟಾಗುವುದು ಇಲ್ಲೇ. ಈ ವ್ಯಕ್ತಿಗೆ ಸದಾ ಸಹಾಯಕರು ಬೇಕು, ಕನಿಷ್ಠ ಮೂರು ತಿಂಗಳಾದರೂ ಬೇಕು, ಆ ಅಗತ್ಯ ಪಿಂಚಣಿ ಕೊಟ್ಟಿರುವ ಅಂಗವೈಕಲ್ಯದಿಂದಲೇ ಬಂದದ್ದು ಎಂದು ಮೆಡಿಕಲ್ ಬೋರ್ಡ್ ಬರೆದಿರಬೇಕು. ಮೊದಲು ಬೋರ್ಡಿನ ಕಾಗದವನ್ನೂ ಪಿಪಿಒವನ್ನೂ (ಪಿಂಚಣಿ ಪಾವತಿ ಆದೇಶ) ಪಕ್ಕಪಕ್ಕ ಇಟ್ಟು ನೋಡಿ. ಬೋರ್ಡ್ ಬರೆದಿದ್ದು ಪಿಪಿಒದಲ್ಲಿ ಕಾಣದಿದ್ದರೆ, ಎರಡರ ಪ್ರತಿಯನ್ನೂ ಲಗತ್ತಿಸಿ, ಅವರ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಬರೆಯಿರಿ. ಎಂಇಜಿಯವರಾಗಿದ್ದರೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆ ಕಚೇರಿ ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟ್ ಆಗಿದ್ದರೆ ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿ. ಬೋರ್ಡ್ ಬರೆದೇ ಇಲ್ಲದಿದ್ದರೆ ಮರು ಮೆಡಿಕಲ್ ಬೋರ್ಡ್ ಕೇಳಬೇಕು. ಆ ಅರ್ಜಿಯೂ ರೆಕಾರ್ಡ್ ಆಫೀಸಿಗೇ. ನಿಮ್ಮ ಕಡೆಗೆ ಹತ್ತಿರದ ದೊಡ್ಡ ಮಿಲಿಟರಿ ಆಸ್ಪತ್ರೆ ಎಂದರೆ ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ.

ಬೋರ್ಡಿಗೆ ಹೋಗುವ ಮುಂಚೆ ತಜ್ಞ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ‘ಪ್ಯಾರಾಪ್ಲೀಜಿಯಾ’ (ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದಿರುವುದು) ಎಂಬ ಒಂದೇ ಪದ ಇದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತಾನಾಗಿ ಮಗ್ಗುಲು ಬದಲಿಸಬಲ್ಲರೇ, ಹಾಸಿಗೆಯಿಂದ ವೀಲ್‌ಚೇರಿಗೆ ಬರಬಲ್ಲರೇ, ಮೂತ್ರದ ಕ್ಯಾಥೆಟರ್ ಯಾರು ಹಾಕುತ್ತಾರೆ, ಸ್ನಾನಕ್ಕೆ, ಬಟ್ಟೆಗೆ ಎಷ್ಟು ಜನ ಬೇಕು, ಬೆನ್ನಿಗೆ ಹುಣ್ಣಾಗಿದೆಯೇ? ದಿನದ ಈ ಕೆಲಸಗಳು ಒಂದೊಂದಾಗಿ ಕಾಗದದ ಮೇಲೆ ಇರಲಿ. ಬೋರ್ಡ್ ತೂಗಿ ನೋಡುವುದು ಇವನ್ನೇ, ರೋಗದ ಹೆಸರನ್ನಲ್ಲ.

ಇನ್ನೊಂದು ಮಾತು: ಅವರು ಸರ್ಕಾರಿ ಆಸ್ಪತ್ರೆಯಲ್ಲೋ ಸರ್ಕಾರಿ ಸಂಸ್ಥೆಯಲ್ಲೋ ಒಳರೋಗಿಯಾಗಿರುವ ಅವಧಿಗೆ ಈ ಭತ್ಯೆ ಇಲ್ಲ. ಬೆನ್ನುಹುರಿ ಪೆಟ್ಟಿನ ಯೋಧರಿಗಾಗಿಯೇ ಪುಣೆಯ ಖಡ್ಕಿಯಲ್ಲಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ.

ಮತ್ತೆ, ಅವರು ಇರುವಾಗಲೇ, ಸೇನೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್‌ನಲ್ಲಿ ನಿಮ್ಮ ಹೆಸರು ತೆಗೆದು ನೋಡಿ. ಅಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂಬಂತಹ ವ್ಯತ್ಯಾಸ ನಮ್ಮ ಸೀಮೆಯಲ್ಲಿ ಸಾಮಾನ್ಯ. ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿನಲ್ಲಿ ತಿದ್ದಿಸಿ. ಭತ್ಯೆ ಅವರ ಕಾಲಕ್ಕೇ ನಿಲ್ಲುತ್ತದೆ. ಮುಂದೆ ನಿಮ್ಮದು ಕುಟುಂಬ ಪಿಂಚಣಿ, ಅದು ಬರುವುದು ಈ ಹೆಸರಿನ ಮೇಲೆ.

ಪ್ರಶ್ನೆ: ನಮ್ಮ ಮಾವನಿಗೆ 82 ವರ್ಷ, ಸೇನೆಯ ಪಿಂಚಣಿದಾರರು. ಈಗ ಪಾರ್ಕಿನ್ಸನ್. ಕೈ ನಡುಗುವುದರಿಂದ ಸಹಿ ಹಾಕಲಾಗದು, ಬೆರಳಚ್ಚೂ ಹಿಡಿಯುತ್ತಿಲ್ಲ. ಮೇಲೆ ಹೇಳುವಂಥ ಭತ್ಯೆ ಇವರಿಗೂ ಸಿಗುತ್ತದೆಯೇ? ಜೀವಂತ ಪ್ರಮಾಣಪತ್ರ, ಬ್ಯಾಂಕ್ ವ್ಯವಹಾರ ಹೇಗೆ?
– ಓದುಗರು, ಚಿಂತಾಮಣಿ

ಉತ್ತರ: ನಿವೃತ್ತಿಯಾದ ಎಷ್ಟೋ ವರ್ಷಕ್ಕೆ ಬಂದ ಕಾಯಿಲೆಗೆ ಸೇನೆಯ ಆ ಭತ್ಯೆ ಸಿಗುವುದಿಲ್ಲ. ಆದರೆ ರಾಜ್ಯದ ಕಡೆಯಿಂದ ಒಂದು ದಾರಿ ಇದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಕೊಡುವುದಾಗಿ 2024-25ರ ರಾಜ್ಯ ಬಜೆಟ್ ಘೋಷಿಸಿತ್ತು. ಮೊತ್ತ ಸಣ್ಣದು, ಡೈಪರ್ ಖರ್ಚಿಗೂ ಸಾಲದು, ಆದರೂ ಬಿಡಬೇಡಿ. ಮೊದಲು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಊರಿನ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅವರಿಲ್ಲದಿದ್ದರೆ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಪಿಂಚಣಿದಾರರ ಮನೆಗೆ ಆದಾಯದ ಷರತ್ತು ಅಡ್ಡ ಬರುತ್ತದೆಯೇ ಎಂದು ಅಲ್ಲೇ ಮೊದಲು ಕೇಳಿಕೊಳ್ಳಿ, ಓಡಾಟ ಉಳಿಯುತ್ತದೆ.

ಜೀವಂತ ಪ್ರಮಾಣಪತ್ರವನ್ನು 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಬೇಕಿಲ್ಲ, ಮುಖ ತೋರಿಸಿದರೆ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎರಡೂ ಆ್ಯಪ್ ಇರಬೇಕು. ಕಿಟಕಿಗೆ ಮುಖ ಮಾಡಿ ಕೂರಿಸಿ. ಬೆಳಕು ಬೆನ್ನ ಹಿಂದಿನಿಂದ ಬಂದರೆ ಆಗದು. ಕಣ್ಣು ಮಿಟುಕಿಸಿ ಎನ್ನುತ್ತದೆ. ಪಾರ್ಕಿನ್ಸನ್‌ನವರಿಗೆ ರೆಪ್ಪೆ ಬಡಿಯುವುದೇ ಅಪರೂಪ, ಆದ್ದರಿಂದ ಮಾತ್ರೆ ತೆಗೆದುಕೊಂಡು ಮೈ ಸಡಿಲಾಗಿರುವ ಹೊತ್ತಿನಲ್ಲಿ ಮಾಡಿ. ಪಿಂಚಣಿ ಈಗ ರಕ್ಷಣಾ ಇಲಾಖೆಯೇ ನೇರವಾಗಿ ಕೊಡುವ ಆನ್‌ಲೈನ್ ವ್ಯವಸ್ಥೆ ‘ಸ್ಪರ್ಶ್’ಗೆ ಬದಲಾಗಿದ್ದರೆ ಹಣ ಕೊಡುವ ಸಂಸ್ಥೆಯ ಜಾಗದಲ್ಲಿ ಬ್ಯಾಂಕಿನ ಹೆಸರನ್ನಲ್ಲ, ‘ಸ್ಪರ್ಶ್ – ಪಿಸಿಡಿಎ (ಪೆನ್ಷನ್ಸ್)’ ಎಂಬುದನ್ನೇ ಆರಿಸಬೇಕು. ಹಳೇ ಅಭ್ಯಾಸದಲ್ಲಿ ಬ್ಯಾಂಕ್ ಒತ್ತಿ, ಪ್ರಮಾಣಪತ್ರ ತಿರಸ್ಕಾರವಾಗಿ ಪಿಂಚಣಿ ನಿಂತವರು ಬಹಳ. ಫೋನಿನ ತಂಟೆ ಬೇಡವೆಂದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ. ಅಂಚೆ ಪೇಮೆಂಟ್ಸ್ ಬ್ಯಾಂಕಿನವರು ₹70ಕ್ಕೆ ಮನೆಗೇ ಬಂದು ಮಾಡಿಕೊಡುತ್ತಾರೆ.

ಸಹಿ ಆಗದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಇದು ರಿಸರ್ವ್ ಬ್ಯಾಂಕಿನ ಸೂಚನೆ, ಯಾರ ಕೃಪೆಯೂ ಅಲ್ಲ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡರೆ ನಿಶ್ಚಿಂತೆ ಎಂದು ತಿಳಿಯಬೇಡಿ: ಮಾವನ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಅದು ಸತ್ತಂತೆ. ಅತ್ತೆಯ ಹೆಸರು ಸೇರಿಸಿ ಜಂಟಿ ಖಾತೆ ಮಾಡುವುದೇ ಲೇಸು.

80 ತುಂಬಿದ ತಿಂಗಳಿಂದ ಮೂಲ ಪಿಂಚಣಿಗೆ ಶೇ 20 ಹೆಚ್ಚುವರಿ ಸೇರಿದೆಯೇ ಎಂದೂ ನೋಡಿಕೊಳ್ಳಿ. ಪಿಪಿಒದಲ್ಲಿ ಹುಟ್ಟಿದ ದಿನಾಂಕ ಇಲ್ಲದಿದ್ದರೆ ಅದು ಬಾರದೇ ಇರಬಹುದು.

ಪ್ರಶ್ನೆ: ನಮ್ಮ ತಂದೆ ಪಿಂಚಣಿ ಇಲ್ಲದೆ ಸೇನೆಯಿಂದ ಬಿಡುಗಡೆಯಾದ ಸಿಪಾಯಿ. ವಯಸ್ಸಾಗಿದೆ, ಆದಾಯವಿಲ್ಲ. ನಾನೇ ನೋಡಿಕೊಳ್ಳುತ್ತಿದ್ದೇನೆ.
– ಓದುಗರು, ಮುಳಬಾಗಿಲು

ಉತ್ತರ: 65 ದಾಟಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ‘ಪೆನ್ಯೂರಿ ಗ್ರಾಂಟ್’ಗೆ ಹಾಕಿ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, ಪಿಂಚಣಿ ಇಲ್ಲದವರಿಗೆ ಇದು. ತಿಂಗಳಿಗೆ ₹4,000 ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ₹8,000 ಆಗಿದೆ. ಅರ್ಜಿ ಮಂಡಳಿಯ ವೆಬ್‌ಸೈಟಿನಲ್ಲಿ. ಪರಿಶೀಲನೆ ಮಾತ್ರ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಯಲ್ಲಿ. ಡಿಸ್ಚಾರ್ಜ್ ಬುಕ್ಕನ್ನು ಎಲ್ಲ ಪುಟ ಬರುವಂತೆ ಸ್ಕ್ಯಾನ್ ಮಾಡಿಸಿ, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಅದಕ್ಕೆ ತಾಳೆಯಾಗುವಂತಿರಲಿ.