ಬಂಕ್ ಅಂಗಳದ ಮಳೆನೀರು, ಬೈಲಿನ ಬಾವಿ

ಪ್ರಶ್ನೆ: ಉಡುಪಿಯ ಸಂತೆಕಟ್ಟೆ ಸಮೀಪ ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್ ಒಂದನ್ನು ವಿಸ್ತರಿಸುವುದಕ್ಕಾಗಿ ಅದರ ಹಿಂಬದಿಯ 25 ಸೆಂಟ್ಸ್ ಜಾಗವನ್ನು ಸಮತಟ್ಟು ಮಾಡುತ್ತಿದ್ದಾರೆ. ನಮ್ಮ ಮನೆ ಅದರ ಕೆಳಗಿನ ಬೈಲಿನಲ್ಲಿದೆ. ಕುಡಿಯುವುದಕ್ಕೆ ಬಾವಿಯ ನೀರೇ ಆಧಾರ. ಮಳೆನೀರು ನಮ್ಮ ಕಡೆಗೆ ನುಗ್ಗದಂತೆ ಅಂಗಳದ ಮೂಲೆಯಲ್ಲಿ ದೊಡ್ಡ ಇಂಗುಗುಂಡಿ ತೋಡಿಸುತ್ತೇವೆ, ಅದರಿಂದ ನಿಮ್ಮ ಬಾವಿಯಲ್ಲೂ ನೀರು ಹೆಚ್ಚುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಇದನ್ನು ಒಪ್ಪಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಈಗಿರುವ ರೂಪದಲ್ಲಿ ಒಪ್ಪಬೇಡಿ. ಮಳೆನೀರು ಇಂಗಿಸಬೇಕೆಂಬ ಮಾತು ಮನೆಯ ಮಾಡಿಗೆ, ಶಾಲೆಯ ಅಂಗಳಕ್ಕೆ, ಗುಡ್ಡದ ಇಳಿಜಾರಿಗೆ ಸರಿಯಾದದ್ದು. ಇಂಧನ ತುಂಬಿಸುವ ಅಂಗಳದ ನೀರನ್ನು ಮಾತ್ರ ನೆಲಕ್ಕೆ ಇಳಿಸಕೂಡದು. ಮಾಲೀಕರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ಗುಂಡಿ ಅಂಗಳದ ಕೊಳೆಯನ್ನು ನಿಮ್ಮ ಬಾವಿಗೆ ತಲುಪಿಸುವ ಹತ್ತಿರದ ದಾರಿಯಾಗುತ್ತದೆ.

ಮೊದಲು ನೀರಿನ ಲೆಕ್ಕವನ್ನು ನೋಡೋಣ. 25 ಸೆಂಟ್ಸ್ ಎಂದರೆ ಸುಮಾರು 1000 ಚದರ ಮೀಟರ್. ಅಷ್ಟು ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರಾಗುತ್ತದೆ. ನಮ್ಮ ಆಷಾಢದಲ್ಲಿ ಅಪರೂಪವಲ್ಲದ 100 ಮಿಲಿಮೀಟರ್ ಮಳೆ ಒಂದೇ ದಿನ ಸುರಿದರೆ 1 ಲಕ್ಷ ಲೀಟರ್. ಕರಾವಳಿಯ ವಾರ್ಷಿಕ ಮಳೆಯನ್ನು ಸುಮಾರು 4000 ಮಿಲಿಮೀಟರ್ ಎಂದು ಹಿಡಿದರೆ ವರ್ಷಕ್ಕೆ 40 ಲಕ್ಷ ಲೀಟರ್. ಹುಲ್ಲು, ಪೊದೆ, ಮುರಕಲ್ಲಿನ ನೆಲ ಇದ್ದಾಗ ಇದರಲ್ಲಿ ಒಂದು ಪಾಲು ಅಲ್ಲಲ್ಲೇ ಇಂಗುತ್ತಿತ್ತು, ಉಳಿದದ್ದು ನಿಧಾನವಾಗಿ ಇಳಿಯುತ್ತಿತ್ತು. ಕಾಂಕ್ರೀಟ್ ಹಾಕಿದ ಮೇಲೆ ಹೆಚ್ಚುಕಡಿಮೆ ಅಷ್ಟೂ ನೀರು ಒಮ್ಮೆಗೇ ಹರಿದುಬರುತ್ತದೆ. ನಿಮ್ಮ ತೋಡು ಅದನ್ನು ತಾಳುವಷ್ಟು ಅಗಲವಿದೆಯೇ ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ಪಂಚಾಯಿತಿಯ ಅಥವಾ ನಗರಸಭೆಯ ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಬೇಕು.

ಪ್ರವಾಹಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಆ ನೀರಿನಲ್ಲಿ ಬೆರೆತುಬರುವ ವಸ್ತು. ಪೈಪಿನ ತುದಿಯಿಂದ ತೊಟ್ಟಿಕ್ಕಿದ ಪೆಟ್ರೋಲ್, ಟ್ಯಾಂಕರ್ ಖಾಲಿ ಮಾಡುವಾಗ ಚೆಲ್ಲಿದ ಡೀಸೆಲ್, ಲಾರಿಗಳಿಂದ ಸೋರಿದ ಎಂಜಿನ್ ಆಯಿಲ್ ಇವೆಲ್ಲ ಬೇಸಗೆಯುದ್ದಕ್ಕೂ ನೆಲಕ್ಕೆ ಅಂಟಿಕೊಂಡಿದ್ದು, ಮೊದಲ ಮಳೆಗೆ ತೊಳೆದು ಹೋಗುತ್ತವೆ. ಈಗ ನಮ್ಮ ದೇಶದಲ್ಲಿ ಮಾರುವ ಪೆಟ್ರೋಲಿನಲ್ಲಿ ಗರಿಷ್ಠ ಶೇ. 1ರಷ್ಟು ಬೆಂಜೀನ್ ಇರಬಹುದು. ಇದು ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಇರಬಹುದಾದ 8ರಿಂದ 9 ಗ್ರಾಂ ಬೆಂಜೀನ್ ಪೂರ್ತಿಯಾಗಿ ನೀರಿಗೆ ಸೇರಿತೆಂದು ಲೆಕ್ಕ ಹಾಕಿದರೆ, 8 ಲಕ್ಷ ಲೀಟರಿಗೂ ಹೆಚ್ಚು ನೀರು ಆ ಮಿತಿಗೆ ತಲುಪುತ್ತದೆ. ವಾಸ್ತವದಲ್ಲಿ ಬಹಳಷ್ಟು ಗಾಳಿಗೆ ಆರಿಹೋಗುತ್ತದೆ, ಸ್ವಲ್ಪ ಭಾಗವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕರಗಿಸುತ್ತವೆ. ಆದರೂ ನಿತ್ಯದ ಸಣ್ಣ ಸೋರಿಕೆಯನ್ನು ಯಾಕೆ ಕಡೆಗಣಿಸಬಾರದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಪೆಟ್ರೋಲಿಗೆ ಬೆರೆಸುತ್ತಿರುವ ಎಥೆನಾಲ್ ಇನ್ನೊಂದು ತೊಡಕು: ಆ ಜೀವಿಗಳು ಎಥೆನಾಲನ್ನೇ ಮೊದಲು ತಿಂದು ನೆಲದೊಳಗಿನ ಆಮ್ಲಜನಕವನ್ನು ಮುಗಿಸುವುದರಿಂದ ಬೆಂಜೀನ್ ಇನ್ನಷ್ಟು ದೂರ ಸಾಗಬಲ್ಲದು.

ನಮ್ಮ ನೆಲದ ರಚನೆಯೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಮುರಕಲ್ಲಿನಲ್ಲಿ ತೂತು, ಸುರಂಗಗಳಂಥ ಸಂದುಗಳು ಇರುವುದರಿಂದ ನೀರು ಸೋಸದೆ ವೇಗವಾಗಿ ಇಳಿಯುತ್ತದೆ. ಅದರಡಿಯ ಶೇಡಿಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡದ ಕಾರಣ ಅದು ಅಡ್ಡಕ್ಕೆ ಹರಿದು ಬೈಲಿನ ಬಾವಿ, ತೋಡು, ಮದಗಗಳಲ್ಲಿ ಹೊರಬೀಳುತ್ತದೆ. ಗುಡ್ಡದಲ್ಲಿ ಇಂಗಿಸಿದ ನೀರು ಬೈಲಿನ ಬಾವಿಯನ್ನು ತುಂಬಿಸುವುದು ಇದೇ ದಾರಿಯಿಂದ, ಕೊಳೆಗೂ ಬೇರೆ ದಾರಿಯಿಲ್ಲ.

ಆದ್ದರಿಂದ ನೀವು ಕೇಳಬೇಕಾದದ್ದು ಎರಡು ನೀರನ್ನು ಬೇರೆ ಮಾಡುವ ವ್ಯವಸ್ಥೆಯನ್ನು. ಬಂಕಿನ ಎತ್ತರದ ಚಾವಣಿಯ ನೀರು ಶುದ್ಧ. ಅದನ್ನು ನೆಲ ಮುಟ್ಟಿಸದೆ ಪೈಪಿನಲ್ಲಿ ಇಳಿಸಿ, ಟ್ಯಾಂಕುಗಳಿಂದ ದೂರದಲ್ಲಿ ಇಂಗಿಸಿದರೆ ನಿಮ್ಮ ಬಾವಿಗೂ ಒಳ್ಳೆಯದು. ಪಂಪುಗಳ ಸುತ್ತ ಮತ್ತು ಟ್ಯಾಂಕರ್ ನಿಲ್ಲುವ ಕಡೆ ಇಂಟರ್‌ಲಾಕ್ ಬೇಡ, ಸಂದಿಲ್ಲದ ಕಾಂಕ್ರೀಟೇ ಬೇಕು. ಅದರ ಸುತ್ತಲಿನ ಚರಂಡಿ, ಎಣ್ಣೆ ಬೇರ್ಪಡಿಸುವ ತೊಟ್ಟಿಗೆ ಸೇರಬೇಕು. ತೊಟ್ಟಿಯ ಮುಂದೆ ಮುಚ್ಚುವ ವಾಲ್ವ್ ಇರಬೇಕು. ಆ ತೊಟ್ಟಿ ಮೇಲೆ ತೇಲುವ ಎಣ್ಣೆಯನ್ನಷ್ಟೇ ಹಿಡಿಯುತ್ತದೆ, ಕರಗಿದ ಬೆಂಜೀನನ್ನು ಹಿಡಿಯುವುದಿಲ್ಲ. ವಾಹನ ತೊಳೆದ ಸೋಪಿನ ನೀರು ಅದಕ್ಕೆ ಸೇರಿದರೆ ಎಣ್ಣೆಯೂ ಬೇರೆಯಾಗದೆ ಹೊರಗೆ ಹರಿಯುತ್ತದೆ. ವಿಸ್ತರಣೆಯಲ್ಲಿ ಸರ್ವಿಸ್ ಸ್ಟೇಷನ್ ಸೇರಿದೆಯೇ ಎಂದು ವಿಚಾರಿಸಿ.

ಹೊಸ ಭೂಗತ ಟ್ಯಾಂಕ್ ಇಡುವುದಿದ್ದರೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬೈಲಿನ ಅಂಚಿನಲ್ಲಿ ಅಂತರ್ಜಲ ನೆಲಮಟ್ಟದ ಸಮೀಪಕ್ಕೆ ಬರುತ್ತದೆ. ಅರ್ಧ ಖಾಲಿಯಾದ ಟ್ಯಾಂಕನ್ನು ಆ ನೀರು ಮೇಲಕ್ಕೆ ಎತ್ತಲು ಒತ್ತುವುದರಿಂದ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಜೋಡಿ ಗೋಡೆಯ ಟ್ಯಾಂಕನ್ನು ಕಾಂಕ್ರೀಟ್ ಹಾಸಿಗೆ ಬಿಗಿದು ಕೂರಿಸಿ, ಪಕ್ಕದಲ್ಲಿ ನೀರು ಪರೀಕ್ಷಿಸುವ ಕೊಳವೆ ಇಡಬೇಕೆಂದು ಒತ್ತಾಯಿಸಿ. ಪೆಟ್ರೋಲಿಯಂ ನಿಯಮಗಳು, 2002ರ ಪ್ರಕಾರ ಬಂಕಿನ ಬದಲಾದ ನಕ್ಷೆಗೆ ಸ್ಫೋಟಕ ಸುರಕ್ಷತೆಯನ್ನು ನೋಡಿಕೊಳ್ಳುವ ಪೆಸೋ ಸಂಸ್ಥೆಯ ಅನುಮೋದನೆ ಬೇಕು; ಆದರೆ ಅದರ ಮುಖ್ಯ ಕಾಳಜಿ ಬೆಂಕಿ. ಚರಂಡಿ, ಬಾವಿಗಳ ವಿಷಯವನ್ನು ಸ್ಥಳೀಯಾಡಳಿತಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಉಡುಪಿ ಕಚೇರಿಗೂ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು.

ಪ್ರಶ್ನೆ: ಸದ್ಯ ಬಾವಿಯ ನೀರಿನಲ್ಲಿ ಯಾವ ವಾಸನೆಯೂ ಇಲ್ಲ. ಪರೀಕ್ಷೆ ಅಗತ್ಯವೇ? ಕುದಿಸಿ ಕುಡಿದರೆ ಸಾಲದೇ?
– ಅದೇ ಓದುಗರು

ಉತ್ತರ: ಪರೀಕ್ಷೆ ಅಗತ್ಯ, ಅದೂ ಕಾಮಗಾರಿ ಮುಗಿಯುವ ಮೊದಲೇ. ಇಂದಿನ ನೀರು ಹೇಗಿತ್ತೆಂಬ ದಾಖಲೆ ಇಲ್ಲದಿದ್ದರೆ ನಾಳೆ ಕೆಟ್ಟದ್ದು ಯಾವುದರಿಂದ ಎಂದು ತೋರಿಸುವುದು ಕಷ್ಟ. ಬೆಂಜೀನ್ ಮೂಗಿಗೆ ತಿಳಿಯುವ ಹೊತ್ತಿಗೆ ಸುರಕ್ಷಿತ ಮಿತಿಯನ್ನು ನೂರಾರು ಪಟ್ಟು ದಾಟಿರಬಹುದು. ಕುದಿಸಿದರೆ ಅದು ಆವಿಯಾಗಿ ಅಡುಗೆಕೋಣೆಯ ಗಾಳಿಗೆ ಸೇರುತ್ತದೆ, ಆದ್ದರಿಂದ ಅದು ಪರಿಹಾರವಲ್ಲ. ಗಡಸುತನ, ಕೋಲಿಫಾರ್ಮ್ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಇದು ಕಾಣಿಸದು. ಬೆಂಜೀನ್ ಮತ್ತು ಪೆಟ್ರೋಲಿನಲ್ಲೇ ಇರುವ ಅದರ ಜಾತಿಯ ಟಾಲ್ಯೂಯಿನ್, ಕ್ಸೈಲೀನ್‌ಗಳ ಪರೀಕ್ಷೆಗಾಗಿಯೇ ಪ್ರಯೋಗಾಲಯದಲ್ಲಿ ಕೇಳಬೇಕು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯ ಬದಲು ಪ್ರಯೋಗಾಲಯ ಕೊಡುವ ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿಸಿ, ತಂಪಿನಲ್ಲಿಟ್ಟು ಬೇಗನೆ ತಲುಪಿಸಿ. ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದು ಬಾವಿಗೆ ಹೊಸ ನೀರು ಬಂದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಹೋಲಿಕೆಗೆ ಸಿಗುತ್ತದೆ.